ಮ್ಯಾನೇಜರ ಮಾವನ ಮನೆ

ರಾಜಾಜಿನಗರ, ಬೆಂಗಳೂರು
ಮಂಗಳವಾರ, 17-3-1987

ಚಿರಂಜೀವಿ ಸೌಭಾಗ್ಯವತಿ ಜಯದೇವಿಗೆ ನಿನ್ನ ಅವ್ವನ ಮನಸಾರೆ ಆಶೀರ್ವಾದ.

ಕ್ಷೇಮ ಸಮಾಚಾರ ಕೇಳುವುದು ಆಮೇಲಾಗಲಿ, ಮೊದಲು ಸುದ್ದಿ ಕೇಳು. ಗೆದ್ದೆವು ಕಣೇ. ನಮ್ಮ ಅರುಣೋದಯ ಫುಟ್‌ಬಾಲ್ ಕ್ಲಬ್ ಭಾನುವಾರ ಫೈನಲ್ ಗೆದ್ದು ಎ ಡಿವಿಷನ್‌ಗೆ ಏರಿತು. ನಿನ್ನ ಯಜಮಾನರೂ ಬರೆದಿರುತ್ತಾರೆ, ಆದರೆ ಅವರ ಕಾಗದದಲ್ಲಿ ‘ಗೆದ್ದೆವು, ಸರಿಯಾಗಿ ಊಟ ಮಾಡು’ ಎಂಬುದಕ್ಕಿಂತ ಹೆಚ್ಚೇನೂ ಇರುವುದಿಲ್ಲವೆಂದು ನೀನೇ ದೂರಿದ್ದೆ. ಊರಿಗೆಲ್ಲ ಆಟ ಕಲಿಸಿದ ಮನುಷ್ಯ ಕಾಗದ ಬರೆಯುವುದನ್ನು ಕಲಿಯಲಿಲ್ಲ. ಅದಕ್ಕೇ ಪೂರ್ತಿ ವರದಿ ನಾನು ಬರೆಯುತ್ತಿದ್ದೇನೆ. ನಡುವೆ ಗೋವಾದ ಮಾತು ಬರುತ್ತದೆ, ಗಾಬರಿಯಾಗಬೇಡ, ಕೊನೆಯವರೆಗೆ ಓದು. ಬಸುರಿ ಹೆಂಗಸು, ಕೂತುಕೊಂಡು ಓದು. ನಿನ್ನ ದೊಡ್ಡಮ್ಮ ಶಾಂತವ್ವಕ್ಕನಿಗೂ ಗಟ್ಟಿಯಾಗಿ ಓದಿ ಹೇಳು.

ನೀನು ದಾವಣಗೆರೆಗೆ ಹೋದಾಗಿನಿಂದ ನನಗೆ ಒಂದು ತುತ್ತು ಸರಿಯಾಗಿ ಇಳಿದಿಲ್ಲ. ಚೊಚ್ಚಲ ಬಾಣಂತನಕ್ಕೆ ಹೆತ್ತವ್ವ ಬದುಕಿರುವಾಗಲೇ ದೊಡ್ಡಮ್ಮನ ಮನೆ ಸೇರಿದವಳು ನಮ್ಮ ಬೀದಿಯಲ್ಲಿ ನೀನೊಬ್ಬಳೇ. ನಿನ್ನತ್ತೆ ರಾಮಮ್ಮನವರಿಗೆ ಮೊಣಕಾಲು ನೋವು, ಅವರಿಂದ ಆಗುವುದಿಲ್ಲ. ನನ್ನಿಂದ ಆಗುತ್ತದೆ, ಆದರೆ ನಿಮ್ಮಪ್ಪ ಬಾಗಿಲು ಹಾಕಿಕೊಂಡು ಕೂತಿದ್ದರು. ಲಿಂಗ ಕಟ್ಟಿದ ಮನೆಯ ಹುಡುಗಿ ಕೆಂಗೇರಿಯ ದೊಡ್ಡಹನುಮಯ್ಯನವರ ಮಗನನ್ನು ರಿಜಿಸ್ಟರ್ ಮದುವೆಯಾದಳು, ಮಾಂಸ ಬೇಯಿಸುವ ಮನೆ ಸೇರಿದಳು, ಇನ್ನು ಈ ಹೊಸ್ತಿಲು ತುಳಿಯಕೂಡದು ಎಂದು ಎರಡು ವರ್ಷದ ಹಿಂದೆ ಆಡಿದ ಮಾತು. ಆ ಹುಡುಗನನ್ನು ಮನೆಗೆ ಕರೆತಂದವರು ಯಾರು ಎಂದು ನಾನು ಕೇಳಬಾರದು! ಬೇರೆ ತಂಡಕ್ಕೆ ಆಡುತ್ತಿದ್ದ ಆ ಹುಡುಗನ ಆಟಕ್ಕೆ ಮರುಳಾಗಿ, ‘ಇವನಿಗೆ ಕಾಲಲ್ಲೇ ಬುದ್ಧಿ ಇದೆ’ ಎಂದು ಹೊಗಳುತ್ತ ಊಟಕ್ಕೆ ಕರೆತಂದವರು ಅವರೇ. ಹೋಳಿಗೆ ಬಡಿಸಿದವಳು ನಾನು, ತುಪ್ಪ ಹಾಕಿದವಳು ನೀನು. ಮುಂದಿನದು ನಿನಗೇ ಗೊತ್ತು.

ಅದರ ಮೇಲೆ ಶಿವನ ಆಟ ನೋಡು. ನಿನ್ನ ಯಜಮಾನರ ಮಂಡಿಗೆ ಪೆಟ್ಟಾಗಿ ಆಟ ನಿಂತಿತು. ಕ್ಲಬ್ಬಿನವರು ಅವರನ್ನೇ ಮ್ಯಾನೇಜರಾಗಿ ತಂದರು. ಆ ಕ್ಲಬ್ಬಿನ ಅಭಿಮಾನಿ ಸಂಘಕ್ಕೆ ನಿಮ್ಮಪ್ಪ ಅಧ್ಯಕ್ಷರು. ಬಿಸಿತುಪ್ಪ ಬಾಯಿಗೆ ಬಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಅವರು ಕಂಡುಕೊಂಡ ದಾರಿ ಯಾವುದು ಗೊತ್ತೇ? ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿ ಮಾಡಿಕೊಂಡರು. ‘ಅಳಿಯ ನಾಗರಾಜು’ ಎಂದು ನಾನು ಬಾಯಿ ಬಿಟ್ಟರೆ ಟವೆಲ್ ಕೊಡವಿ ಎದ್ದು ಹೋಗುವುದು. ‘ಮ್ಯಾನೇಜರು’ ಎಂದರೆ ಕುರ್ಚಿ ಎಳೆದುಕೊಂಡು ಕೂರುವುದು. ನಾನೂ ಬುದ್ಧಿ ಕಲಿತೆ. ನಿನ್ನ ಸುದ್ದಿ ಹೇಳಬೇಕಾದಾಗ ‘ಮ್ಯಾನೇಜರ ಹೆಂಡತಿಗೆ ಏಳು ತಿಂಗಳಂತೆ’ ಎನ್ನುತ್ತಿದ್ದೆ. ‘ಹೌದಾ’ ಎಂದು ಪೇಪರಿನ ಹಿಂದಿನಿಂದಲೇ ಕೇಳಿಸಿಕೊಳ್ಳುತ್ತಿದ್ದರು.

ಆದರೆ ಆ ಮ್ಯಾನೇಜರ ಮೇಲೆ ಅವರಿಗಿದ್ದ ಅಭಿಮಾನ ಮಾತ್ರ ಸುಳ್ಳಲ್ಲ. ಅರುಣೋದಯ ಮೊದಲು ಹೇಗಿತ್ತು, ನೀನೂ ಕಂಡಿದ್ದೀಯ. ಚೆಂಡು ಸಿಕ್ಕರೆ ಆಕಾಶಕ್ಕೆ ಒದೆಯುವುದು, ಗೋಲು ಬಿದ್ದರೆ ಒಬ್ಬರನ್ನೊಬ್ಬರು ಬಯ್ಯುವುದು, ಹೊರಗೆ ನಿಂತ ಜನ ಅವರ ವಂಶವನ್ನೇ ಜಾಲಾಡುವುದು. ನಿನ್ನ ಯಜಮಾನರು ಬಂದವರೇ ಎಲ್ಲರನ್ನೂ ಬೆಳಗಿನ ಜಾವ ಜ್ಞಾನಭಾರತಿಯ ನೀಲಗಿರಿ ಮರಗಳ ಪಕ್ಕದ ಮೈದಾನಕ್ಕೆ ಎಳೆದರು. ಚೆಂಡನ್ನು ಎತ್ತಿ ಒದೆಯುವುದು ಬಂದ್, ಪಕ್ಕದವನ ಕಾಲಿಗೆ ಕೊಡಬೇಕು. ಇನ್ನೊಂದು ಕಟ್ಟಳೆ, ತಪ್ಪು ಮಾಡಿದವನನ್ನು ತಂಡದ ಯಾರೂ ಬಯ್ಯಕೂಡದು. ಬಯ್ದವನು ಮುಂದಿನ ಮ್ಯಾಚ್ ಹೊರಗೆ ಕೂರಬೇಕು. ಎಲ್ಲರಿಗಿಂತ ಹೆಚ್ಚು ಗೋಲು ಹೊಡೆಯುತ್ತಿದ್ದವನನ್ನೇ ಹಾಗೆ ಕೂರಿಸಿದಾಗ ಜನ ಕೆರಳಿ ಮ್ಯಾನೇಜರನ್ನು ಓಡಿಸಬೇಕೆಂದರು. ಆಗ ಸಂಘದ ಸಭೆಯಲ್ಲಿ ಎದ್ದು ನಿಂತು, ಇವರನ್ನು ಕಳಿಸಿದರೆ ನಾನೂ ಅಧ್ಯಕ್ಷಗಿರಿ ಬಿಡುತ್ತೇನೆ ಎಂದವರು ನಿಮ್ಮಪ್ಪ. ಅಲ್ಲಿಂದಾಚೆಗೆ ತಂಡ ಒಂದಾದ ಮೇಲೊಂದು ಗೆಲ್ಲುತ್ತ ಬಂತು. ಕಾರ್ಖಾನೆ ಪಾಳಿ ಮುಗಿಸಿದವರು ಊಟದ ಡಬ್ಬಿ ಹಿಡಿದೇ ಮೈದಾನಕ್ಕೆ ಓಡತೊಡಗಿದರು. ಇಸ್ತ್ರಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ ದೇವರ ಪಟದ ಪಕ್ಕಕ್ಕೆ ನಿನ್ನ ಗಂಡನ ಪಟ ಬಂತು.

ಮನೆಯೊಳಗೂ ಬದಲಾವಣೆ ಬಂತು ಕಣೇ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ. ತಟ್ಟೆ ಹಾರೀತೆಂದು ನಾನು ದೂರ ನಿಂತರೆ, ತಪ್ಪು ಮಾಡಿದವರನ್ನು ಬಯ್ಯಬಾರದೆಂದು ಮ್ಯಾನೇಜರು ಹೇಳಿದ್ದಾರೆ ಎನ್ನುತ್ತ ಮಜ್ಜಿಗೆ ಸುರಿದುಕೊಂಡು ಉಂಡರು. ಹಾಗಾದರೆ ಮಗಳ ವಿಷಯಕ್ಕೆ ಆ ಕಟ್ಟಳೆ ಅನ್ವಯಿಸುವುದಿಲ್ಲವೇ ಎಂದು ಕೇಳಿಯೇಬಿಟ್ಟೆ. ಕೈ ತೊಳೆದು ಹಿತ್ತಲಲ್ಲಿ ಬಹಳ ಹೊತ್ತು ನಿಂತಿದ್ದರು.

ಫೈನಲ್ಲಿಗೆ ವಾರ ಇರುವಾಗ ಸುದ್ದಿ ಹಬ್ಬಿತು. ಗೋವಾದ ಯಾವುದೋ ದೊಡ್ಡ ಕಂಪನಿಯ ತಂಡದವರು ಮ್ಯಾನೇಜರನ್ನು ಕರೆದಿದ್ದಾರಂತೆ, ಕ್ವಾರ್ಟರ್ಸು, ಆಸ್ಪತ್ರೆ ಎಲ್ಲ ಅವರದೇ ಅಂತೆ, ಹೆಂಡತಿಗೆ ತವರಿನ ಬಾಗಿಲು ಮುಚ್ಚಿರುವುದರಿಂದ ಇಲ್ಲಿ ಗತಿಯಿಲ್ಲವೆಂದು ಒಪ್ಪಿಕೊಂಡಿದ್ದಾರಂತೆ. ರಾಜಾಜಿನಗರದಿಂದ ಶ್ರೀಗಂಧದ ಕಾವಲ್‌ವರೆಗೆ ಸೂತಕದ ಕಳೆ. ಫೈನಲ್ ಮುಗಿಯುವವರೆಗೆ ಆಟ ಬಿಟ್ಟು ಬೇರೆ ಮಾತು ಕೂಡದೆಂದು ಮ್ಯಾನೇಜರು ಮೊದಲೇ ಕಟ್ಟು ಮಾಡಿದ್ದರಿಂದ ಅವರನ್ನೇ ಕೇಳಲು ಯಾರಿಗೂ ಧೈರ್ಯವಿಲ್ಲ. ನಿಮ್ಮಪ್ಪ ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಗೊಣಗಿದರು: “ಎಂಥ ಜನಾನೋ ಏನೋ. ಹೆತ್ತ ಮಗಳಿಗೆ ಬಾಗಿಲು ಹಾಕ್ಕೊಂಡು...” ನನ್ನ ಮುಖ ನೋಡಿದರು. ನಾನು ಕಾಫಿ ತರಲು ಒಳಗೆ ಹೋದೆ.

ಭಾನುವಾರ ನಾನೂ ಸ್ಟೇಡಿಯಂಗೆ ಹೋದೆ! ಪಕ್ಕದ ಮನೆ ಹನುಮಂತಯ್ಯನವರ ಹೆಂಡತಿ ಲಿಂಗಮ್ಮ ಜೊತೆಗಿದ್ದಳು. ಎದುರಾಳಿ ಕಂಟೋನ್ಮೆಂಟಿನ ಕಡೆಯ ಹಳೆಯ ತಂಡ, ಆಳುಗಳೆಲ್ಲ ಬಾಗಿಲಿನಷ್ಟು ಎತ್ತರ. ಶುರುವಿನಲ್ಲೇ ನಮ್ಮ ಗೋಲ್‌ಕೀಪರನ ಕಾಲ ಸಂದಿನಲ್ಲಿ ಚೆಂಡು ತೂರಿ ಹೋಯಿತು. ಮೊದಲಿನ ದಿನಗಳಾಗಿದ್ದರೆ ಆ ಹುಡುಗನ ತಾಯಿ ಕಿವಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಈ ಸಲ ಗಂಡಸರ ಸಾಲಿನಲ್ಲಿ ಒಬ್ಬರು ಎದ್ದು ನಿಂತು ಅವನಿಗಾಗಿ ಚಪ್ಪಾಳೆ ತಟ್ಟಿದರು. ಯಾರೆಂದು ನೋಡಿದರೆ ನಿಮ್ಮಪ್ಪ. ಹಿಂದೆಯೇ ಇಡೀ ಸಾಲು ತಟ್ಟಿತು, ನಾನೂ ಲಿಂಗಮ್ಮನೂ ಬಳೆ ಒಡೆಯುವ ಹಾಗೆ ತಟ್ಟಿದೆವು. ಆ ಮೇಲೆ ಆ ಹುಡುಗ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ನಮ್ಮವರು ಕಾಲಿಂದ ಕಾಲಿಗೆ ಕೊಡುತ್ತ ಕೊಡುತ್ತ ಹೋಗಿ ಒಂದು ಹಾಕಿದರು, ಮುಗಿಯುವ ಹೊತ್ತಿಗೆ ಇನ್ನೊಂದು. ಸೀಟಿ ಊದಿದಾಗ ನಾನು ಅಳುತ್ತಿದ್ದೆ, ನಾಚಿಕೆಯೇನೂ ಆಗಲಿಲ್ಲ. ಅಷ್ಟೂ ಜನ ನಿನ್ನ ಯಜಮಾನರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರೆ, ನನ್ನ ಅಳಿಯ, ನನ್ನ ಅಳಿಯ ಎಂದು ಪಕ್ಕದಲ್ಲಿ ಕೂತ ಗೊತ್ತಿಲ್ಲದ ಹೆಂಗಸರಿಗೆಲ್ಲ ಹೇಳಿದೆ.

ಅಲ್ಲಿಂದ ನಾವಿಬ್ಬರೂ ಆಟೋದಲ್ಲಿ ಮೊದಲೇ ಬಂದೆವು. ಮುಂದಿನದನ್ನು ಹನುಮಂತಯ್ಯನವರು ಹೇಳಿದ್ದು. ಗೆದ್ದವರು ಲಾರಿಯಲ್ಲಿ ರಾಜಾಜಿನಗರಕ್ಕೆ ಬಂದು, ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಮ್ಯಾನೇಜರು ಅಪ್ಪ ಅಮ್ಮನ ಕಾಲಿಗೆ ಬೀಳಬೇಕೆಂದು ಕೆಂಗೇರಿಗೆ ಹೊರಟರು. ಅವರು ಹೋದ ಮೇಲೆ ಸಂಘದವರು ಟೀ ಅಂಗಡಿಯ ಮುಂದೆ ಸೇರಿದರು. ಗೆದ್ದ ಮುಖಗಳಲ್ಲೆಲ್ಲ ಗೋವಾದ ಚಿಂತೆ. ಈಗಲಾದರೂ ಅವರನ್ನೇ ಕೇಳಿಬಿಡೋಣವೆಂದರೆ, ‘ಹೌದು, ಹೋಗುತ್ತೇನೆ’ ಅಂದುಬಿಟ್ಟರೆ ಎಂಬ ಭಯ. ಆಗ ಲೇತ್ ಕೆಲಸದ ಸೇತುರಾಮ, ಸಂಘಕ್ಕೆ ಹೊಸಬ, ಬೆಂಚಿನ ಮೇಲೆ ಹತ್ತಿ ನಿಂತನಂತೆ.

“ಬೇರಿಗೇ ಕೈ ಹಾಕೋಣ ಗುರು. ಮ್ಯಾನೇಜರ್ ಮಾವ ಅನ್ನೋನು ಯಾವನೋ ಅವನ ಮನೆ ಮುಂದೆ ಹೋಗಿ ಕೂತ್ಕೊಳೋಣ. ಮಗಳನ್ನ ಕರ್ಕೊಂಡ್ ಬರ್ತೀನಿ ಅನ್ನೋವರ್ಗೂ ಏಳೋದೇ ಬೇಡ.”

ಎಲ್ಲರೂ ಹೋ ಎಂದರು. ಹೊಸ ಹುಡುಗರಿಗೆ ಆ ಮಾವ ಯಾರೆಂದು ಗೊತ್ತಿಲ್ಲ. ಗೊತ್ತಿದ್ದ ಹನುಮಂತಯ್ಯನವರು ತಮ್ಮ ಕಾಲ್ಬೆರಳು ನೋಡುತ್ತ ನಿಂತರಂತೆ. ನಿಯೋಗವೆಂದ ಮೇಲೆ ಅಧ್ಯಕ್ಷರೇ ಮುಂದೆ ನಡೆಯಬೇಕು ತಾನೇ? ಅಡ್ರೆಸ್ ಯಾರಿಗಾದರೂ ಗೊತ್ತೇ ಎಂಬ ಮಾತು ಬಂತು. ನಿಮ್ಮಪ್ಪ ಟೀ ಲೋಟ ಕೆಳಗಿಟ್ಟು ಹೇಳಿದರಂತೆ: “ಆ ಮನೆ ನಂಗೊತ್ತು. ಬನ್ನಿ ನನ್ನ ಹಿಂದೆ.”

ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ತಮಟೆ ಸದ್ದು ನಮ್ಮ ಬೀದಿಗೇ ತಿರುಗಿತು. ಬಾಗಿಲಿಗೆ ಬಂದು ನೋಡಿದರೆ ಬೀದಿ ತುಂಬ ಜನ, ಎದುರಿಗೆ ನಿಮ್ಮಪ್ಪ, ಮುಖವೆಲ್ಲ ಗುಲಾಲು. ಪಕ್ಕದಲ್ಲೇ ಸೇತುರಾಮ. ಆ ಮಾವನಿಗೆ ಎದೆಯಲ್ಲಿ ಇರುವುದು ಜೀವವೋ ಜಲ್ಲಿಕಲ್ಲೋ ಎಂದು ದಾರಿಯುದ್ದಕ್ಕೂ ಬಯ್ಯುತ್ತ ಬಂದಿದ್ದಾನೆ. ಒಂದೊಂದು ಬಯ್ಗುಳಕ್ಕೂ ನಿಮ್ಮಪ್ಪ ತಲೆಯಾಡಿಸುತ್ತ ಬಂದರಂತೆ. ಗೇಟಿನ ಮುಂದೆ ನಿಂತಾಗ, ಅಧ್ಯಕ್ಷರಿಗೆ ನೀರಡಿಕೆಯಾಗಿರಬೇಕೆಂದು ಜನ ಅಂದುಕೊಂಡರು. ಅವರು ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ನಿಂತು, ಇತ್ತ ತಿರುಗಿದರು.

“ನೋಡ್ರಪ್ಪಾ, ಮ್ಯಾನೇಜರ್ ಮಾವ ಅಂದ್ರೆ ನಾನೇ. ಏನ್ ಕೇಳ್ಬೇಕೂಂತ ಬಂದಿದೀರೋ ಕೇಳಿ.”

ತಮಟೆ ನಿಂತಿತು. ಸೇತುರಾಮ ಮೆಲ್ಲಗೆ ಯಾರದೋ ಬೆನ್ನ ಹಿಂದೆ ಸರಿದ. ಕೊನೆಗೆ ಹನುಮಂತಯ್ಯನವರು ಮುಂದೆ ಬಂದು ಕೈ ಮುಗಿದರು. “ಮಗೂನ ಮನೆಗೆ ಕರ್ಕೊಂಡ್ ಬನ್ನಿ ಸಾರ್. ಇನ್ನೇನೂ ಬೇಡ ನಮಗೆ.”

ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ಜಯಾ, ಮದುವೆಯಾದಾಗಿನಿಂದ ನನ್ನನ್ನು ಒಂದು ಮಾತು ಕೇಳಿ ಮಾಡಿದವರಲ್ಲ ಅವರು. ಆವತ್ತು ಬೀದಿಯ ಜನರೆದುರಿಗೆ ಕೇಳಿದರು: “ಅವಳಿಗೆ ಎಂಟು ಬೀಳೋಕೆ ಇನ್ನೆಷ್ಟು ದಿನ ಇದೆ?” ಎಂಟರಲ್ಲಿ ಬಸುರಿಯನ್ನು ಪ್ರಯಾಣ ಮಾಡಿಸಬಾರದೆಂಬುದು ಅವರಿಗೆ ನೆನಪಿತ್ತು, ಏಳು ನಡೆಯುತ್ತಿರುವುದೂ ನೆನಪಿತ್ತು. ಹತ್ತು ದಿನ ಇದೆ ಎಂದೆ. “ಹಾಗಾದ್ರೆ ಈ ವಾರಾನೇ” ಎಂದರು.

ಆಮೇಲಿನ ಗದ್ದಲವನ್ನು ಬರೆದು ಮುಗಿಸಲಾರೆ. ಮ್ಯಾನೇಜರನ್ನು ಹೊತ್ತ ಹೆಗಲುಗಳ ಮೇಲೆಯೇ ಮಾವನೂ ಏರಿದರು. ಸೇತುರಾಮ ಬಂದು ಕಾಲಿಗೆ ಬಿದ್ದ. ಅವನನ್ನು ಎಬ್ಬಿಸಿ, ನೀನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಬೆನ್ನು ತಟ್ಟಿದರು. ಕಾಫಿಗೆ ಹಾಲು ಸಾಲಲಿಲ್ಲ, ಡಬ್ಬದಲ್ಲಿದ್ದ ಮಂಡಕ್ಕಿಯನ್ನೆಲ್ಲ ಒಗ್ಗರಣೆ ಹಾಕಿ ಹಂಚಿದೆ. ಬೀದಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲೇ ಇದ್ದರು. ಎರಡು ವರ್ಷದಿಂದ ಈ ಮನೆಯಲ್ಲಿ ಅಷ್ಟು ನಗು ಕೇಳಿರಲಿಲ್ಲ.

ನಿನ್ನೆ ನಾವಿಬ್ಬರೂ ಎಲೆ ಅಡಿಕೆ, ಹಣ್ಣು ಹಿಡಿದು ಕೆಂಗೇರಿಗೆ ಹೋಗಿ, ನಿನ್ನನ್ನು ತವರಿಗೆ ಕಳಿಸಿಕೊಡಿ ಎಂದು ಕ್ರಮವಾಗಿ ಕೇಳಿ ಬಂದೆವು. ದೊಡ್ಡಹನುಮಯ್ಯನವರು ಅಂಗಳದವರೆಗೆ ಎದುರು ಬಂದು ಕಾಲಿಗೆ ನೀರು ಕೊಟ್ಟರು. ರಾಮಮ್ಮನವರು ಮಂಡಿ ನೋವಿನಲ್ಲೂ ಒಲೆ ಸಾರಿಸಿ, ನಮಗಾಗಿ ಹೊಸ ಪಾತ್ರೆಯಲ್ಲಿ ಪಾಯಸ ಮಾಡಿದ್ದರು. ನಿಮ್ಮಪ್ಪ ಎರಡು ಸಲ ಹಾಕಿಸಿಕೊಂಡರು. ಮಾವ ಅಳಿಯ ಹಿಂದಿನದೊಂದೂ ಆಡಲಿಲ್ಲ. ಕೂತಷ್ಟು ಹೊತ್ತೂ ಎರಡನೇ ಗೋಲಿನದೇ ಮಾತು, ಲೋಟ ಬಟ್ಟಲುಗಳನ್ನೆಲ್ಲ ಆಟಗಾರರನ್ನಾಗಿ ಮಾಡಿ ಚಾಪೆಯ ಮೇಲೆ ಜೋಡಿಸಿಕೊಂಡಿದ್ದರು. ಹೊರಡುವಾಗ ಮಾತ್ರ ‘ಅಳಿಯಂದಿರೇ, ಅವಳು ಬಂದ ಮೇಲೆ ನೀವೂ ನಮ್ಮಲ್ಲೇ ಇರಬೇಕು’ ಎಂದರು. ಇನ್ನು ಆ ಮನುಷ್ಯ ಇಬ್ಬರಲ್ಲ, ಒಬ್ಬರೇ.

ಶನಿವಾರ ನಿಮ್ಮಪ್ಪನೇ ಬಂದು ನಿನ್ನನ್ನು ಕರೆತರುತ್ತಾರೆ. ಯುಗಾದಿಗೆ ನೀನು ನಮ್ಮ ಮನೆಯಲ್ಲಿರುತ್ತೀಯ. ನಿನ್ನ ಕೋಣೆಗೆ ಸುಣ್ಣ ಹೊಡೆಸಿಯಾಗಿದೆ. ಬೇಜಾರು ಮಾಡಿಕೊಳ್ಳದೆ ಕಳಿಸಿಕೊಡಬೇಕೆಂದು ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಬಾಗಿಲು ತೆರೆದಿಟ್ಟು ಕಾಯುತ್ತಿರುವ
ನಿನ್ನ ಅವ್ವ
ಕಲ್ಯಾಣಮ್ಮ

ತಾ.ಕ.: ಇದನ್ನು ಅಕ್ಕನಿಗೂ ಓದಿ ಹೇಳಬೇಡ. ಗೋವಾದಿಂದ ಯಾರೂ ನಿನ್ನ ಯಜಮಾನರನ್ನು ಕರೆದಿಲ್ಲ. ನೀರು ಹಿಡಿಯುವಾಗ ಲಿಂಗಮ್ಮನ ಕಿವಿಯಲ್ಲಿ ಹಾಗೆಂದು ಊದಿದವಳು ನಾನು. ಯಾರಿಗೂ ಹೇಳಬೇಡವೆಂದೂ ಹೇಳಿದ್ದೆ, ಅವಳಿಗೆ ಹಾಗಂದರೆ ರೇಡಿಯೋದಲ್ಲಿ ಹಾಕಿದ ಹಾಗೆ. ಮಗಳಿಗಾಗಿ ತೆರೆಯದ ಬಾಗಿಲು ಕ್ಲಬ್ಬಿಗಾಗಿಯಾದರೂ ತೆರೆಯಲಿ ಎಂದುಕೊಂಡೆ. ನಿನ್ನೆ ಕೆಂಗೇರಿಯಲ್ಲಿ ನಿಮ್ಮಪ್ಪ ಆ ಮಾತನ್ನೇ ಎತ್ತದೇ ಹೋದದ್ದು ನನ್ನ ಪುಣ್ಯ.

ಜಯಾ, ಕಾಗದವನ್ನು ಟಪಾಲಿಗೆ ಹಾಕಲು ನಿನ್ನ ಅವ್ವ ನನ್ನ ಕೈಗೇ ಕೊಟ್ಟಳು. ಅಂಟಿಸಿರಲಿಲ್ಲ, ಓದಿದೆ. ಗೋವಾದ ಸುದ್ದಿ ಕೇಳಿ ತಡೆಯಲಾರದೆ, ಫೈನಲ್ಲಿಗೆ ಮೊದಲೇ ನಾನೊಬ್ಬನೇ ಜ್ಞಾನಭಾರತಿ ಮೈದಾನಕ್ಕೆ ಹೋಗಿ ಅಳಿಯಂದಿರನ್ನು ಕೇಳಿದ್ದೆ. “ನಾನೆಲ್ಲೂ ಹೋಗಲ್ಲ ಮಾವ” ಅಂದರು. ಭಾನುವಾರ ಟೀ ಅಂಗಡಿಯ ಮುಂದೆ ಅದನ್ನು ಒಂದು ಮಾತು ಹೇಳಿದ್ದರೆ ಜನ ಅಲ್ಲೇ ಚದುರಿ ಮನೆಗೆ ಹೋಗುತ್ತಿದ್ದರು. ನಾನು ಹೇಳಲಿಲ್ಲ. ಅವ್ವನಿಗೆ ಇದು ತಿಳಿಯುವುದು ಬೇಡ, ಗೆದ್ದ ಖುಷಿಯಲ್ಲಿದ್ದಾಳೆ. ಶನಿವಾರ ಬರುತ್ತೇನೆ.
— ಅಪ್ಪ