ಮಿರ್ಲಾ ಮೇಲೆ ಹೇರಿದ ಮನೆ

ಎಲ್ ಸೌಸಾಲ್, ಕಿಂದಿಯೊ
ಜುಲೈ 11, 1991

ಹಟಮಾರಿ ಆರ್ಸೇಸಿಯೊಗೆ,

ರುಬಿಯೆಲಾಳ ನೆನಪುಗಳು, ಜೊತೆಗೆ ಒಂದಿಷ್ಟು ಸಿಟ್ಟು.

ನೀನು ಬಸ್ ಡ್ರೈವರ್ ಕೈಯಲ್ಲಿ ಕಳಿಸಿದ ಪತ್ರ ಬಂತು. ಅದನ್ನು ಪತ್ರ ಎಂದು ಕರೆಯುವುದಕ್ಕೂ ದೊಡ್ಡ ಮನಸ್ಸು ಬೇಕು. ನೀನು ಘಾಟಿ ದಾಟಿ ಎಸ್ಪಿನಾಲಿನ ಭತ್ತದ ಬಯಲಿಗೆ ಹೋಗಿ ವರ್ಷದ ಮೇಲಾಯಿತು. ಗಂಡ ಬದುಕಿದ್ದಾನೋ ಇಲ್ಲವೋ ಎಂದು ನಾನು ಬಸ್ ಡ್ರೈವರುಗಳನ್ನು ಕೇಳಿ ತಿಳಿಯಬೇಕಿತ್ತು. ಈಗ ಇದ್ದಕ್ಕಿದ್ದಂತೆ ಎರಡು ಸಾಲು: "ಮನೇನೇ ಜೀಪಿಗೆ ಹೇರ್ಕೊಂಡು ಹೊರಟಿದ್ದೀಯಂತೆ. ಎಲ್ಲಿಗೆ? ಯಾರ ಜೊತೆ?" ಓದಿ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದಾಗ ನಾನು ನಿನ್ನನ್ನು "ನೀವು" ಎನ್ನುವುದು ನಿನಗೆ ಗೊತ್ತೇ ಇದೆ. ಹಾಗೇ ಶುರುಮಾಡಿ ಒಂದು ಹಾಳೆ ತುಂಬ ಬರೆದೆ. ಆಮೇಲೆ ಓದಿದರೆ ಯಾವುದೋ ಕಚೇರಿಯ ಸಾಹೇಬರಿಗೆ ಬರೆದ ಹಾಗಿತ್ತು, ಹರಿದು ಹಾಕಿದೆ.

ವಿಷಯ ಇಷ್ಟೇ. ಕಲಾರ್ಕಾದ ಹಬ್ಬದಲ್ಲಿ ಜೀಪುಗಳ ಮೆರವಣಿಗೆ ಇರುತ್ತದಲ್ಲ, ಅದಕ್ಕೆ ನಮ್ಮ ಮುದಿ ಜೀಪು ಮಿರ್ಲಾಳನ್ನು ಕರೆದುಕೊಂಡು ಹೋಗಿದ್ದೆ. ಮನೆ ಹೇರುವ ಪಂದ್ಯಕ್ಕೆ ಹೆಸರು ಕೊಟ್ಟಿದ್ದೆ. ಮನೆ ಹೇರಿದೆ. ಮೆರವಣಿಗೆ ಮುಗಿಯಿತು, ವಾಪಸು ಬಂದೆ. ಯಾರ ಜೊತೆ ಎಂದರೆ, ಪಕ್ಕದ ಮನೆಯ ದೋನ್ಯಾ ಅರಾಸೆಲಿ ಕೊಟ್ಟ ಒಂದು ಕೋಳಿಯ ಜೊತೆ.

ಕೋಳಿ ಯಾಕೆ ಕೊಟ್ಟಳು ಎಂದು ಹೇಳಿದರೆ ನಗುತ್ತೀಯ. ಪಂದ್ಯಕ್ಕೆ ಎಲ್ಲರೂ ಅವರಿವರ ಅಟ್ಟದಿಂದ ಮುರುಕು ಕುರ್ಚಿ, ತೂತು ಬಿದ್ದ ಕೊಡ, ಅಜ್ಜಿ ಕಾಲದ ಹೊಲಿಗೆ ಯಂತ್ರ ಎರವಲು ತಂದು ಕಟ್ಟುತ್ತಾರೆ. ನಾನು ನಮ್ಮದೇ ಸಾಮಾನು ಕಟ್ಟಿದೆ. ನಮ್ಮ ಮಂಚ, ನಮ್ಮ ಹಾಸಿಗೆ, ಒಲೆ, ಮೇಜು, ಹೂಕುಂಡಗಳು, ಗೋಡೆಯಿಂದ ಇಳಿಸಿದ ಏಸುವಿನ ಪಟ. ಪಕ್ಕದ ಮನೆಯವಳಿಗೆ ನಮ್ಮ ಹಾಸಿಗೆ ಗೊತ್ತಾಗದೆ ಇರುತ್ತದೆಯೇ? ಚೌಕದ ನಡುವೆ ಓಡಿಬಂದು ನನ್ನ ಕೈ ಹಿಡಿದು ಗೊಳೋ ಎಂದು ಅತ್ತಳು. "ಹೇಳ್ದೇ ಕೇಳ್ದೇ ಹೊರಟುಬಿಟ್ಯೇನೇ ಮಾರಾಯ್ತಿ! ಹೋದ ಕಡೆ ಮೊಟ್ಟೆಗಾದ್ರೂ ಆಗ್ತದೆ, ಇದನ್ನ ತಗೊಂಡು ಹೋಗು" ಎಂದು ಮಾರಲು ತಂದಿದ್ದ ಕೋಳಿಯನ್ನು ಬುಟ್ಟಿ ಸಮೇತ ನನ್ನ ಮಡಿಲಿಗೆ ಹಾಕಿದಳು. ಬ್ಯಾಂಡಿನವರ ಗದ್ದಲದಲ್ಲಿ ನಾನು ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ನಿನ್ನವರೆಗೆ ಸುದ್ದಿ ಹೇಗೆ ಹೋಯಿತು ಎಂದು ಇನ್ನು ನಾನು ಹೇಳಬೇಕಾಗಿಲ್ಲ.

ಗೆದ್ದೆಯಾ ಎಂದು ಕೇಳಬೇಡ. ಉಳಿದ ಜೀಪುಗಳೆಲ್ಲ ಹಿಂಬದಿಯ ಭಾರಕ್ಕೆ ಮುಂದಿನ ಚಕ್ರ ಎತ್ತಿ, ಡ್ರೈವರ್ ಕೆಳಗಿಳಿದು ಪಕ್ಕದಲ್ಲಿ ಕುಣಿಯುತ್ತಿದ್ದರೆ ತಾವೂ ಎರಡು ಕಾಲಲ್ಲಿ ಗಿರಗಿರ ತಿರುಗಿದವು. ಮಿರ್ಲಾಳ ಮುಂದಿನ ಚಕ್ರ ಒಂದು ಬೆರಳಿನಷ್ಟೂ ಏಳಲಿಲ್ಲ. ಜನ "ಮುದುಕಿಗೆ ಸೊಂಟ ಹಿಡಿದಿದೆ!" ಎಂದು ಕೂಗಿದರು. ನಮ್ಮಿಬ್ಬರಲ್ಲಿ ಯಾರಿಗೆ ಎಂದು ತಿಳಿಯಲಿಲ್ಲ.

ಮಿರ್ಲಾ ಚೆನ್ನಾಗಿದ್ದಾಳೆ. ಅದನ್ನು ಕೇಳುವಷ್ಟು ಮನಸ್ಸು ನಿನಗಿರಲಿಲ್ಲ, ನಾನೇ ಹೇಳುತ್ತೇನೆ. ರಸ್ತೆಗೆ ಡಾಂಬರು ಬಂದು, ಜನ ಮೋಟಾರ್ ಸೈಕಲ್ ಹತ್ತಿ, ನಿನ್ನಪ್ಪನ ಕಾಲದ ಈ ಹಸಿರು ವಿಲ್ಲಿಸ್ ಜೀಪು ಯಾರಿಗೂ ಬೇಡವಾದಾಗ, ಮಾರಿಬಿಡೋಣ ಎಂದವನು ನೀನು. ಆಗುವುದಿಲ್ಲ ಎಂದವಳು ನಾನು. "ಹಂಗಾದ್ರೆ ಅದನ್ನೇ ಕಟ್ಕೊಂಡು ಸಂಸಾರ ಮಾಡು" ಎಂದು ಬಾಗಿಲು ಬಡಿದು ಹೋದೆಯಲ್ಲ, ಮಾಡುತ್ತಿದ್ದೇನೆ. ನಿನಗಿಂತ ಜಾಸ್ತಿ ಎಣ್ಣೆ ಕುಡಿಯುತ್ತಾಳೆ ಎನ್ನುವುದೊಂದು ಬಿಟ್ಟರೆ ಅವಳ ಮೇಲೆ ದೂರಿಲ್ಲ.

ಮೊದಲ ಎರಡು ತಿಂಗಳು ಅವಳ ಹತ್ತಿರ ಹೋಗಲಿಲ್ಲ. ಒಂದು ದಿನ ಮೆಕ್ಯಾನಿಕ್ ದೋನ್ ಹಿಲ್ದಾರ್ದೊ ಅಂಗಳಕ್ಕೆ ಬಂದು ಬಾನೆಟ್ ಎತ್ತಿ ನೋಡಿ, "ಮಗಳೇ, ಹಿಂಗೇ ನಿಲ್ಸಿಬಿಟ್ರೆ ಬ್ರೇಕ್ ಹಿಡ್ಕೊಂಡು, ಟ್ಯಾಂಕ್ ತುಕ್ಕು ಹಿಡ್ದು, ಬರೋ ವರ್ಷ ಕೋಳಿಗೂಡು ಮಾಡ್ಕೋಬೇಕಾಗ್ತದೆ" ಎಂದ. ಗಂಡ ಬರುವಷ್ಟರಲ್ಲಿ ಅವನ ಜೀಪು ಕೋಳಿಗೂಡಾಗುವುದೇ? ಸ್ಪ್ಯಾನರ್ ಹಿಡಿದೆ. ಈಗ ನಾನೇ ಪ್ಲಗ್ ಬಿಚ್ಚಿ ಉಜ್ಜುತ್ತೇನೆ, ಗ್ರೀಸ್ ತುಂಬುತ್ತೇನೆ, ಕಾರ್ಬುರೇಟರಿನ ಕಸ ಊದಿ ತೆಗೆಯುತ್ತೇನೆ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುತ್ತಿಲ್ಲ. ಇಳಿಜಾರಿನಲ್ಲಿ ಎರಡನೇ ಗೇರು ತಾನಾಗಿ ಜಾರುತ್ತದೆಯಲ್ಲ, ನೀನು ಮಂಡಿಯಿಂದ ಒತ್ತಿ ಹಿಡಿಯುತ್ತಿದ್ದೆ. ನನ್ನ ಮಂಡಿ ಅಲ್ಲಿಗೆ ಮುಟ್ಟುವುದಿಲ್ಲ. ಹಳೆಯ ಟ್ಯೂಬಿನ ರಬ್ಬರ್ ಪಟ್ಟಿ ಕಟ್ಟಿದ್ದೇನೆ. ಶನಿವಾರ ಶನಿವಾರ ಮೇಲಿನ ಮಣ್ಣುರಸ್ತೆಯ ಊರುಗಳಿಂದ ಸಂತೆಗೆ ಜನರನ್ನೂ ಬಾಳೆಗೊನೆಗಳನ್ನೂ ಇಳಿಸುತ್ತೇನೆ. ಮೋಟಾರ್ ಸೈಕಲ್ ಕೊಂಡವರೇ ಮಳೆ ಬಂದರೆ "ದೋನ್ಯಾ ರುಬಿಯೆಲಾ, ಸ್ವಲ್ಪ ಜಾಗ ಮಾಡಿ" ಎಂದು ಹಿಂದೆ ನೇತಾಡುತ್ತಾರೆ.

ಡ್ರೈವರ್ ಸೀಟಿನಲ್ಲಿ ನೀನು ಕೂತು ಕೂತು ಆದ ಗುಂಡಿ ಇದೆ. ಅದರಲ್ಲಿ ಕೂತರೆ ನನಗೆ ರಸ್ತೆಯೇ ಕಾಣುವುದಿಲ್ಲ. ಹಿಲ್ದಾರ್ದೊ ಹೊಸ ಸ್ಪಂಜು ಹಾಕಿಸಿಕೊಡುತ್ತೇನೆ ಎಂದ. ಬೇಡ ಎಂದೆ. ದಿಂಬು ಇಟ್ಟುಕೊಂಡು ಕೂರುತ್ತೇನೆ. ಯಾರೂ ಇಲ್ಲದಾಗ ದಿಂಬು ತೆಗೆದು, ರಸ್ತೆ ಕಾಣದಿದ್ದರೂ ಸರಿ ಎಂದು, ಅಂಗಳದಲ್ಲಿ ಸುಮ್ಮನೆ ಆ ಗುಂಡಿಯಲ್ಲಿ ಕೂತಿರುತ್ತೇನೆ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಹೋಗಿ ಕೂರುತ್ತೇನೆ, ಏನು ಮಾಡಲಿ ಹೇಳು.

ಹೊಸ ವಾಟರ್ ಪಂಪ್ ಹಾಕಿಸಿದೆ, ಹೇಳಲು ಮರೆತೆ. ತುಂಬ ಚೆನ್ನಾಗಿದೆ. ಅಷ್ಟು ಭಾರ ಹೊತ್ತು ಲಾ ಲೀನೆಯಾ ಘಾಟಿಯ ನೆತ್ತಿ ಹತ್ತಿದರೂ ರೇಡಿಯೇಟರ್ ಒಂದು ಸಲವೂ ಕುದಿಯಲಿಲ್ಲ.

ಬರೆದುಬಿಟ್ಟೆ. ಇನ್ನು ಈ ಹಾಳೆಯನ್ನೂ ಹರಿಯುವ ತಾಳ್ಮೆ ನನಗಿಲ್ಲ. ಘಾಟಿಗೆ ಯಾಕೆ ಹೋಗಿದ್ದೆ ಎಂದು ನೀನು ಕೇಳುತ್ತೀಯ. ಪಂಪ್ ಪರೀಕ್ಷೆಗೆ ಎಂದು ಹೇಳಬಹುದಿತ್ತು. ಆದರೆ ಮಿರ್ಲಾಳ ಮುಂದಿನ ಚಕ್ರ ಏಳಲಿಲ್ಲ ಎಂದು ಓದಿದಾಗಲೇ ನಿನಗೆ ಅರ್ಥವಾಗಿರುತ್ತದೆ. ಮದುವೆಯಾದಾಗಿನಿಂದ ನಿನ್ನ ಜೊತೆ ನಿಂತು ಊರವರ ಮನೆಗಳನ್ನೆಲ್ಲ ಈ ಜೀಪಿಗೆ ಕಟ್ಟಿದವಳು ನಾನು. ಕುಣಿಸುವುದಕ್ಕಾದರೆ ಭಾರವನ್ನು ಬಾಲಕ್ಕೆ ಹಾಕಬೇಕು, ದೂರ ಹೋಗುವುದಕ್ಕಾದರೆ ಸೀಟಿನ ಬೆನ್ನಿಗೆ ಒತ್ತಿ ಹಾಕಬೇಕು ಎಂದು ನನಗೆ ಗೊತ್ತಿಲ್ಲವೇ? ಅವತ್ತು ಜನರೆಲ್ಲ ನಗುತ್ತಿದ್ದಾಗ ಹಿಲ್ದಾರ್ದೊ ಒಬ್ಬನೇ ನಗಲಿಲ್ಲ. ಹತ್ತಿರ ಬಂದು ಹಗ್ಗ ಎಳೆದು ನೋಡಿ, ಮೆಲ್ಲಗೆ, "ಇದು ಕುಣಿಸೋಕೆ ಕಟ್ಟಿದ್ದಲ್ಲ ಮಗಳೇ, ಘಾಟಿ ಹತ್ತೋಕೆ ಕಟ್ಟಿದ್ದು. ಬ್ರೇಕ್ ಇನ್ನೊಂದ್ಸಲ ನೋಡ್ಕೊಡ್ತೀನಿ, ತಾಳು" ಎಂದ.

ನಿನ್ನ ಹತ್ತಿರಕ್ಕೇ ಹೊರಟಿದ್ದೆ, ಆರ್ಸೇಸಿಯೊ. ಮೆರವಣಿಗೆ ಒಂದು ನೆಪ. ಹಗಲು ಹೊತ್ತಿನಲ್ಲಿ ಮನೆ ಖಾಲಿ ಮಾಡಿದರೆ ಕೇಳುವವರಿಗೆ ಏನು ಹೇಳಲಿ? ಹಬ್ಬಕ್ಕೆ ಎಂದರೆ ಯಾರೂ ಕೇಳುವುದಿಲ್ಲ ಎಂದುಕೊಂಡೆ. ಅರಾಸೆಲಿಯ ಕಣ್ಣು ಮರೆತಿದ್ದೆ, ಅಷ್ಟೇ.

ಚೌಕದಿಂದ ನೇರ ಘಾಟಿ ಹಿಡಿದೆ. ಲಾರಿಗಳ ಹೊಗೆ, ಮಂಜು, ಮುಂದಿನದು ಏನೂ ಕಾಣದು. ಮಿರ್ಲಾ ಮೊದಲ ಗೇರಿನಲ್ಲಿ ಗೊಣಗುತ್ತ ಗೊಣಗುತ್ತ ಹತ್ತಿದಳು. ನೆತ್ತಿಯಲ್ಲಿ ಬೆಲ್ಲದ ನೀರು ಮಾರುವ ಅಂಗಡಿಯ ಮುಂದೆ ನಿಲ್ಲಿಸಿದೆ. ಆ ಚಳಿಯಲ್ಲಿ ಕೋಳಿ ಒಂದು ಮೊಟ್ಟೆ ಇಟ್ಟಿತು. ಅಂಗಡಿಯ ಹೆಂಗಸು ಅದನ್ನು ಬೇಯಿಸಿ ಅರೆಪಾ ರೊಟ್ಟಿಯ ಮೇಲಿಟ್ಟು ಕೊಡುತ್ತ, ಹೊರೆಯ ಕಡೆ ನೋಡಿ, "ಎಲ್ಲಿಗಮ್ಮಾ ಮನೆ ಬದಲಾಯಿಸ್ತಿರೋದು?" ಎಂದಳು. ಎಸ್ಪಿನಾಲಿಗೆ ಎಂದೆ. "ಎಸ್ಪಿನಾಲಿನಲ್ಲಿ ಎಲ್ಲಿ?" ಎಂದಳು. ನೀನು ಯಾವ ಬೀದಿಯಲ್ಲಿದ್ದೀಯ, ಬಾಡಿಗೆ ಕೋಣೆಯೋ, ಭತ್ತದ ಗಿರಣಿಯ ಮೂಲೆಯೋ, ನನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಾ ಎಂದು ನೀನು ಹೇಳಿರಲಿಲ್ಲ. ಮಂಚ, ಒಲೆ, ಏಸುವಿನ ಪಟ ಸಮೇತ ನಿನ್ನ ಬಾಗಿಲಲ್ಲಿ ನಿಂತಾಗ ನೀನು ಮುಖ ತಿರುಗಿಸಿದರೆ ಆ ಘಾಟಿಯನ್ನು ಮತ್ತೆ ಹತ್ತುವ ಶಕ್ತಿ ಮಿರ್ಲಾಳಿಗಿದ್ದರೂ ನನಗಿರಲಿಲ್ಲ. ಅಲ್ಲಿಂದಲೇ ತಿರುಗಿಸಿದೆ. ಇಳಿಯುವಾಗ ಪೂರ್ತಿ ದಾರಿ ಅಳುತ್ತಲೇ ಬಂದೆ.

ಆಮೇಲೆ ನಿನ್ನ ಎರಡು ಸಾಲು ಬಂತು. "ಯಾರ ಜೊತೆ" ಎಂದು ಕೇಳಿದ್ದೀಯ. ಬೈಗುಳ ಎಂದು ಎರಡು ದಿನ ಉರಿದೆ. ಮೂರನೆಯ ದಿನ ಅನಿಸಿತು: ಬೇಡವಾದ ಹೆಂಡತಿ ಯಾರ ಜೊತೆ ಹೋದರೆ ಇವನಿಗೇನು? ಹೊಟ್ಟೆ ಉರಿದಿದೆ, ಅದಕ್ಕೇ ಕೇಳಿದ್ದಾನೆ. ಹೌದೇನೋ? ಹೌದಾದರೆ ಬಿಗುಮಾನ ಬಿಟ್ಟು ಹೌದು ಎಂದು ಬರೆ. ಮಿರ್ಲಾಳನ್ನು ಮಾರುವ ಮಾತು ಮಾತ್ರ ಎತ್ತಬೇಡ. ನೀನು ಹೋದ ಮೇಲೆ ನನ್ನ ಜೊತೆ ಇದ್ದವಳು ಅವಳು.

ದಿಂಬು ಬೇಡವಾಗುವ ದಿನಕ್ಕೆ ಕಾಯುತ್ತಿರುವ,
ನಿನ್ನ
ರುಬಿಯೆಲಾ

ಮರೆತಿದ್ದು: ಮೇಲೆ "ವಾಪಸು ಬಂದೆ" ಎಂದು ಬರೆದಿದ್ದೇನೆ. ಬಂದವಳು ನಾನೊಬ್ಬಳೇ. ಮನೆ ಇನ್ನೂ ಅಂಗಳದಲ್ಲಿ ನಿಂತ ಮಿರ್ಲಾ ಮೇಲೆಯೇ ಇದೆ, ಒಂದು ಹಗ್ಗವನ್ನೂ ಬಿಚ್ಚಿಲ್ಲ. ಬಿಚ್ಚಲು ಕೈ ಬರುವುದಿಲ್ಲ. ಸಂತೆಯವರಿಗೆ ಕಾರ್ಬುರೇಟರ್ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೇನೆ. ಮೂರು ಕಲ್ಲಿಟ್ಟು ಅಡುಗೆ ಮಾಡುತ್ತೇನೆ, ಈ ಪತ್ರವನ್ನು ಮಂಡಿಯ ಮೇಲಿಟ್ಟು ಬರೆದಿದ್ದೇನೆ, ಕಾಫಿ ಚೀಲ ಹಾಸಿ ನೆಲದ ಮೇಲೆ ಮಲಗುತ್ತಿದ್ದೇನೆ. ಬಂದು ನೀನೇ ಬಿಚ್ಚು, ಇಲ್ಲವೇ "ಬಾ" ಎಂದು ಒಂದಕ್ಷರ ಬರೆದು ಕೆಳಗೆ ಬೀದಿಯ ಹೆಸರು ಹಾಕು. ಬೇಗ ಮಾಡು, ಆರ್ಸೇಸಿಯೊ, ನೆಲ ತುಂಬ ತಣ್ಣಗಿದೆ.