ಭೂಪಟದ ಮೇಲಿನ ಹದಿನಾಲ್ಕು ಗಂಟೆ

ಜೂನ್ ೧೪, ಬೆಲ್‌ಗ್ರೇಡ್

ಅಜ್ಜನ ತಮ್ಮ ರಾತೊಮಿರ್ ಲೀಮಾದಿಂದ ಹೊರಡುವ ಹೊತ್ತನ್ನಷ್ಟೇ ತಿಳಿಸಿದ್ದ. ದೂರ ಹನ್ನೊಂದು ಸಾವಿರದ ಐನೂರು ಕಿಲೋಮೀಟರು, ಹದಿನಾಲ್ಕು ಗಂಟೆಯ ಹಾರಾಟ, ಇವತ್ತೇ ಇಳಿಯುತ್ತಾನೆ ಎಂದು ಜಾಲತಾಣ ನೋಡಿ ಹೇಳಿದವನು ನಾನು. ಅದು ಭೂಪಟದ ಮೇಲೆ ಎಳೆದ ಗೆರೆಯ ಲೆಕ್ಕ, ಅಂಥ ನೇರ ವಿಮಾನವೇ ಇಲ್ಲ ಎಂದು ತಿಳಿದದ್ದು ಇವತ್ತು ನಿಲ್ದಾಣದಲ್ಲಿ, ಸ್ವಾಗತಕ್ಕೆಂದು ಕರೆಸಿದ್ದ ತುತ್ತೂರಿ ಮೇಳದವರ ಎದುರಿಗೆ. ಅವನು ಎರಡು ಕಡೆ ವಿಮಾನ ಬದಲಿಸಿ ನಾಳೆ ಬರುತ್ತಾನೆ.

ಊದಬೇಡಿ ಎಂದರೂ ಮೇಳದ ಮುಖಂಡ ಸ್ರೆತೆನ್ ಕೇಳಲಿಲ್ಲ. "ಉಸಿರು ತುಂಬ್ಕೊಂಡಾಯ್ತು, ಇನ್ನು ನುಂಗಕ್ಕಾಗಲ್ಲ" ಎಂದು ಹೊರಬಂದವರಿಗೆಲ್ಲ ಊದಿಸಿದ. ಬಡಪಾಯಿ ಜರ್ಮನ್ ಒಬ್ಬ ಚಿಕ್ಕಮ್ಮನ ತಟ್ಟೆಯಿಂದ ನಮ್ಮಲ್ಲಿ ಅತಿಥಿಗೆ ಕೊಡುವ ರೊಟ್ಟಿ, ಉಪ್ಪು ತಿಂದು, ಅಜ್ಜನಿಂದ ಕೆನ್ನೆಗೆ ಪದ್ಧತಿಯ ಮೂರು ಮುತ್ತು ಪಡೆದು, ಕೈಮುಗಿದು ಹೋದ.

ಪ್ಲಮ್ ತೋಟದ ಜಗಳಕ್ಕೆ ಮೂವತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಇವರು. ಈ ಭೇಟಿಯನ್ನು ನಾನೇ ಕೆಡಿಸಿದೆನೆಂದು ಕಾರಿನಲ್ಲಿ ಅಜ್ಜನ ಕ್ಷಮೆ ಕೇಳಿದೆ.

"ಬಿಡು ಮಗಾ. ಆ ಜರ್ಮನ್‌ನವನನ್ನ ತಬ್ಬಿದಾಗ್ಲೇ ಗೊತ್ತಾಗಿದ್ದು, ನನ್ನ ಹತ್ರ ಬೈಗುಳ ಬಿಟ್ರೆ ಇನ್ನೇನೂ ತಯಾರಿಲ್ಲ ಅಂತ. ಒಂದು ರಾತ್ರಿ ಸಿಕ್ತಲ್ಲ."

ಈಗ ಅಜ್ಜ ಗೋಡೆಯಾಚೆ "ಬಂದ್ಯೇನೋ, ಕತ್ತೆ" ಎಂದು ಅಭ್ಯಾಸ ಮಾಡುತ್ತಿದ್ದಾನೆ. ಕತ್ತೆಯನ್ನು ಇನ್ನೂ ಬಿಟ್ಟಿಲ್ಲ. ಆದರೆ ದನಿ ಮಾತ್ರ ಪ್ರತಿ ಸಲವೂ ಇನ್ನಷ್ಟು ಮೆತ್ತಗಾಗುತ್ತಿದೆ.