ಚಕಮಕಿ ಕೋವಿಗೆ ಒಂದು ಚಿಟಿಕೆ ಮದ್ದು

೭ ಜುಲೈ ೧೯೩೫, ಭಾನುವಾರ, ಸಂಜೆ

ಎಂದಿನಂತೆ ಬೈರಪ್ಪನ ಹೊಲ. ಬೆಟ್ಟದ ಬೆನ್ನಿಗೆ ಒರಗಿದ ಬೀಳು ನೆಲ. ಮಣ್ಣಿನ ದಿಣ್ಣೆ, ಅದರ ಮುಂದೆ ಮಡಕೆ. ತಪ್ಪಿದ ಗುಂಡು ದಿಣ್ಣೆಗೆ. ದಿಣ್ಣೆಯೂ ತಪ್ಪಿದರೆ ಮಧುಗಿರಿ ಬೆಟ್ಟಕ್ಕೆ. ಬೆಟ್ಟ ಬೇಜಾರು ಮಾಡಿಕೊಳ್ಳುವುದಿಲ್ಲ — ಪಾಳೆಯಗಾರರ ಕಾಲದಿಂದ ಅಭ್ಯಾಸವಾಗಿದೆ.

ಅಜ್ಜನ ಚಕಮಕಿ ಕೋವಿ ಇವತ್ತು ಒಳ್ಳೆಯ ಲಹರಿಯಲ್ಲಿತ್ತು. ಕುದುರೆ ಬಿಟ್ಟರೆ ಕಲ್ಲು ಉಕ್ಕಿಗೆ ಬಡಿದು ಕಿಡಿ. ಕಿಡಿಯಿಂದ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಚಿಟಿಕೆ ಮದ್ದು 'ಫುಸ್'. ಆಮೇಲೆ ಅರೆಗಳಿಗೆ ಏನೂ ಇಲ್ಲ... ಆಮೇಲೆ ಢಂ. ಆ 'ಏನೂ ಇಲ್ಲ' ಇದೆಯಲ್ಲ, ಅದೇ ನನ್ನ ಸುಖ. ಕ್ಲಾಸಿನಲ್ಲಿ ಪ್ರಶ್ನೆ ಎಸೆದು ಹುಡುಗರ ಮುಖ ನೋಡುವ ಹಾಗೆ. ಉತ್ತರ ಬರುವುದೋ, ಬರೀ ಹೊಗೆಯೋ.

ಬೈರಪ್ಪನಿಗೆ ಇದು ಅರ್ಥವಾಗದು. "ಒಂದು ಮೊಲ ಹೊಡ್ಕೊಡಿ ಮೇಷ್ಟ್ರೇ ಅಂದ್ರೆ ವಾರವಾರ ಮಡಕೆ ಹೊಡೀತೀರಲ್ಲ. ಕುಂಬಾರಂಗೆ ನೀವೊಬ್ರು ಮಗ ಹುಟ್ದಂಗಾಯ್ತು."

"ಲಿಂಗ ಕಟ್ಟಿದವನಪ್ಪ ನಾನು. ಮಡಕೆಗೆ ಕಂಠ ಇದೆಯೇ ಹೊರತು ಪ್ರಾಣ ಇಲ್ಲ."

ಹೊಸದಾಗಿ ಮನೆ ತುಂಬಿದ ಹೆಂಡತಿ ಕಮಲ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಕ್ಕಾಲು ಪಾಲು ಅವನೇ ತಿಂದ. ಹೊಲದ ಬಾಡಿಗೆ ಅಂತೆ.

ಕಾಲೇಜಿನಲ್ಲಿದ್ದಾಗ ಕವಿಯಾಗುವ ಆಸೆಯಿತ್ತು. ಓತ್ವ ಒಂದು ಹೆಚ್ಚಾಗಿ ಕೋವಿಯಾಯಿತು. ವಾರವಿಡೀ ಗುರು, ಭಾನುವಾರ ಗುರಿ.

೧೩ ಜುಲೈ, ಶನಿವಾರ

ಜಡಿಮಳೆ. ಡಬ್ಬಿಯಲ್ಲಿದ್ದ ಮದ್ದು ತೇವಕ್ಕೆ ಗಂಟು ಕಟ್ಟಿದೆ. ಬಿಸಿಲು ಬಂದೊಡನೆ ಕಮಲ ಹಿತ್ತಿಲಲ್ಲಿ ಹರವಿ, ಮರದ ಸೌಟಿನಲ್ಲಿ ಮೆಲ್ಲಗೆ ಒತ್ತಿ, ರವೆ ಜರಡಿಯಲ್ಲಿ ಆಡಿಸಿದಳು. (ಆ ಜರಡಿ ಇನ್ನು ರವೆಗೆ ಇಲ್ಲ ಎಂದು ಆಜ್ಞೆಯಾಗಿದೆ.) ನನ್ನ ಕೈಗಿಂತ ಅವಳ ಕೈ ನಯ.

ಅಷ್ಟರಲ್ಲಿ ಪಕ್ಕದ ಮನೆಯ ಶಿವರುದ್ರಮ್ಮನವರು ಹೆಪ್ಪಿಗೆ ಬಂದರು. ನಮ್ಮ ಬೀದಿಯಲ್ಲಿ ಅವರಿಗೆ ತಿಳಿಯದೆ ಹಾಲೂ ಹೆಪ್ಪಾಗುವುದಿಲ್ಲ. ಜಗುಲಿಯಲ್ಲಿ ಪೇಪರ್ ತಿದ್ದುತ್ತಿದ್ದ ನನಗೆ ಕೇಳಿಸಿತು:

"ಏನೇ ಅದು ಕರ್ರಗೆ?"

"ಮದ್ದು ದೊಡ್ಡಮ್ಮ. ನಮ್ಮೆಜಮಾನ್ರದು."

"ಅಂಗಂದ್ರೆ... ನೀನೇ ಹಾಕ್ತೀಯಾ?"

"ಒಂದೊಂದ್ಸಲ ನಾನೇ. ಒಂದು ಚಿಟಿಕೆ ಅಷ್ಟೇ. ಕಮ್ಮಿ ಆದ್ರೆ ಹತ್ತೋದೇ ಇಲ್ಲ, ಜಾಸ್ತಿ ಆದ್ರೆ ಮುಖಕ್ಕೇ ಬರುತ್ತೆ."

"ಅವ್ರಿಗೆ ಗೊತ್ತಾ?"

"ಅಯ್ಯೋ, ಅವರೇ ಅಲ್ವಾ ಕಲಿಸಿದ್ದು!"

ಹೆಪ್ಪು ತೆಗೆದುಕೊಳ್ಳದೆಯೇ ಹೊರಟುಹೋದರು. ಕರೆದರೂ ತಿರುಗಲಿಲ್ಲ. ವಯಸ್ಸಾಯಿತು, ಮರೆವು.

೨೧ ಜುಲೈ, ಭಾನುವಾರ

ಮದ್ದು ರವೆಯಂತೆ ಹುಡಿಹುಡಿಯಾಗಿದೆ. ಒಂದು ಸಲವೂ ಬರೀ ಫುಸ್ ಎಂದು ನಿಲ್ಲಲಿಲ್ಲ. ಹೊಗೆ ಹೊಲದ ಮೇಲೆ ಅಡ್ಡಡ್ಡ ತೇಲಿ, ಬೇವಿನ ಮರಕ್ಕೆ ಸಿಕ್ಕಿಕೊಂಡು, ಬಹಳ ಹೊತ್ತು ಅಲ್ಲೇ ನಿಂತಿತ್ತು.

ಬೈರಪ್ಪ ರೊಟ್ಟಿ ಮುಟ್ಟಲಿಲ್ಲ. "ಹೊಟ್ಟೆ ಸರಿಗಿಲ್ಲ ಮೇಷ್ಟ್ರೇ." ಎಂದು ಹೇಳಿ, ತನ್ನ ಗಂಟು ಬಿಚ್ಚಿ ಎರಡು ಮುದ್ದೆ ನುಂಗಿದ. ಸರಿಯಿಲ್ಲದ ಹೊಟ್ಟೆ ಎಂದರೆ ಹೀಗಿರಬೇಕು.

೨೮ ಜುಲೈ, ಭಾನುವಾರ

ಇವತ್ತು ಬಾಯಿಬಿಟ್ಟ. ಮಡಕೆ ನಿಲ್ಲಿಸಿ ಬಂದು, ನೆಲ ನೋಡುತ್ತಾ:

"ತಪ್ಪು ತಿಳ್ಕಾಬ್ಯಾಡಿ. ನಿಮ್ಮನೆ ಅಮ್ಮಾರು ಮದ್ದು ಹಾಕ್ತಾರಂತೆ."

"ಹಾಕ್ತಾರೆ. ನಿನಗೆ ಗೊತ್ತಿಲ್ಲವೇನೋ?"

"ಈ ಮದ್ದಲ್ಲ ಬುಡಿ. ಆ ಮದ್ದು. ಅನ್ನದಾಗೆ ಹಾಕೋದು. ತಿಂದ ಗಂಡ ಹೆಂಡ್ತಿ ಯೋಳ್ದಂಗೆ ಕೇಳ್ತಾನೆ, ಬ್ಯಾರೆಯೋರು ತಿಂದ್ರೆ ಒಣಗಿ ಒಣಗಿ ಸಾಯ್ತಾರೆ. ಊರೆಲ್ಲ ಗುಲ್ಲಾಗೈತೆ."

ನಕ್ಕುಬಿಟ್ಟೆ. ಕನ್ನಡದಲ್ಲಿ ಔಷಧಿಯೂ ಮದ್ದು, ಸಿಡಿಯುವುದೂ ಮದ್ದು, ಮರುಳು ಮಾಡುವ ವಿಷವೂ ಮದ್ದು. ಪದಕ್ಕೆ ಬಡತನವಿಲ್ಲದ ಭಾಷೆ ಇಲ್ಲೇಕೆ ಜಿಪುಣವಾಯಿತೋ!

"ನೀನು ಎರಡು ವರ್ಷದಿಂದ ಈ ಕೋವಿ ನೋಡಿದ್ದೀಯಲ್ಲೋ ಬೈರಪ್ಪ."

"ನಂಗೊತ್ತು ಮೇಷ್ಟ್ರೇ. ನನ್ ಹೆಂಡ್ತಿ ಹನುಮಕ್ಕ, ನಿಮ್ಮನೆ ರೊಟ್ಟಿ ಮುಟ್ಬಾರ್ದು ಅಂತ ಮಕ್ಕಳ ಮ್ಯಾಲೆ ಆಣೆ ಇಡ್ಸವ್ಳೆ. ಏನ್ಮಾಡ್ಲಿ?"

ಮನೆಗೆ ಬಂದು ಕಮಲನಿಗೆ ಅಭಿನಯ ಸಮೇತ ಹೇಳಿದೆ. ನಗಲಿಲ್ಲ. "ಅದಕ್ಕೇನಾ," ಅಂದಳು. ಬಾವಿಯ ಹತ್ತಿರ ಇವಳು ಹೋದರೆ ಎಲ್ಲರೂ ಕೊಡ ಎತ್ತಿಕೊಂಡು ಸರಿಯುತ್ತಾರಂತೆ. ಹೊಸಬಳೆಂದು ದಾರಿ ಬಿಡುತ್ತಾರೆ ಅಂದುಕೊಂಡಿದ್ದಳಂತೆ.

೫ ಆಗಸ್ಟ್, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಪೂಜೆ ಮುಗಿಸಿ ಮುತ್ತೈದೆಯರಿಗೆ ಊಟ ಹಾಕುವುದು ಶಿರಾದಲ್ಲಿ ಇವಳ ತಾಯಿಯ ಮನೆಯ ಪದ್ಧತಿ. ಬೀದಿಗೆಲ್ಲ ಹೇಳಿ ಬಂದಿದ್ದಳು. ಹೂರಣ ಅರೆದಿದ್ದಳು.

ಒಬ್ಬರೂ ಬರಲಿಲ್ಲ.

ಹಾಸಿದ ಎಲೆಗಳನ್ನು ಒಂದೊಂದಾಗಿ ಸುರುಳಿ ಸುತ್ತಿ ಮೂಲೆಯಲ್ಲಿಟ್ಟಳು. ಜೋಕು ತೋಚಲಿಲ್ಲ.

೮ ಆಗಸ್ಟ್, ಗುರುವಾರ

ವಿದ್ಯಾವಂತ ಎಂಬ ಧೈರ್ಯದ ಮೇಲೆ ಶಿವರುದ್ರಮ್ಮನವರ ಮನೆಗೆ ಹೋದೆ. ಕೋವಿಯ ಇತಿಹಾಸ, ಗಂಧಕದ ರಸಾಯನ, ಮೂಢನಂಬಿಕೆಯ ಅನರ್ಥ — ಒಂದು ಪೀರಿಯಡ್ಡು ಪಾಠ. ತಲೆಯಾಡಿಸುತ್ತಾ ಕೇಳಿದರು. ಗೆದ್ದೆ ಅಂದುಕೊಂಡೆ.

ಕೊನೆಗೆ ಸೆರಗಿನಲ್ಲಿ ಕಣ್ಣೊರಸಿಕೊಂಡು, "ಪಾಪ, ಅವಳ ಮಾತೇ ನಿನ್ ಬಾಯಾಗೆ ಬತ್ತೈತಲ್ಲಪ್ಪ! ಮದ್ದು ತಿಂದೋರು ಮದ್ದಿಲ್ಲ ಅಂತ್ಲೇ ಯೋಳಾದು."

"ನಾನು ಚೆನ್ನಾಗಿದ್ದೀನಲ್ಲಮ್ಮ!"

"ಅದೇ ಕಣಪ್ಪ. ಎಲ್ರೂ ಅಂಗೇ ಅಂತಾರೆ. ಭಾನುವಾರ ಬಂತು ಅಂದ್ರೆ ಮನೇಲಿ ನಿಲ್ಲಾಕಾಗಲ್ಲ, ಹೊಲದ ಕಡೆ ಓಡ್ತೀಯ. ಬರೋವಾಗ ಮುಖ ಕರ್ರಗೆ. ಜ್ಞಾನ ಐತಾ ನಿಂಗೆ?"

ನಾನು ಹೆಂಡತಿಯನ್ನು ಸಮರ್ಥಿಸಿದಷ್ಟೂ ಸಾಕ್ಷಿ ಬಲವಾಗುತ್ತದೆ. ಬಯ್ದರೆ ಒಂದು ವೇಳೆ ನಂಬಿಯಾರು. ತಾಯತ ಕೊಟ್ಟು ಕಳಿಸಿದರು.

ಪರ್ವತಯ್ಯ ಎಂದು ಹೆಸರಿಟ್ಟುಕೊಂಡು ಬೆಟ್ಟದಡಿ ಬದುಕುವ ನನಗೆ ಇಂಥ ಬಂಡೆ ಎದುರಾಗಿರಲಿಲ್ಲ.

೧೨ ಆಗಸ್ಟ್, ಸೋಮವಾರ

ಇವತ್ತು ಯಾರನ್ನೂ ಕರೆಯಲಿಲ್ಲ. ನಿನ್ನೆ ಹೊಲಕ್ಕೂ ಹೋಗಲಿಲ್ಲ.

೧೪ ಆಗಸ್ಟ್, ಬುಧವಾರ

ಕೋವಿಯನ್ನು ಅಮಲ್ದಾರರ ಕಚೇರಿಗೆ ಒಪ್ಪಿಸಿಬಿಡುತ್ತೇನೆ ಅಂದೆ. ಮನಸ್ಸಿನಲ್ಲಿ ಆಗಲೇ ಅದಕ್ಕೆ ಎಣ್ಣೆ ಒರೆಸಿ, ಬಟ್ಟೆ ಸುತ್ತಿ, ಬೀಳ್ಕೊಟ್ಟಾಗಿತ್ತು. ಕಬ್ಬಿಣಕ್ಕೆ ಇಷ್ಟು ಉಪಚಾರ!

ಕಮಲ ಕಾಳು ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕೊಟ್ಟುಬಿಡಿ. ಆಗ, ಅವಳು ಮದ್ದು ಹಾಕ್ತಿದ್ದಿದ್ದು ನಿಜ, ಸಿಕ್ಕಿಹಾಕ್ಕೊಂಡ ಮೇಲೆ ಬಿಟ್ಟಳು ಅಂತಾರೆ. ಸಾಯೋವರೆಗೂ ಈ ಬೀದೀಲಿ ನನ್ನ ಮನೆ ನೀರು ಯಾರೂ ಕುಡಿಯಲ್ಲ."

"ಮತ್ತೇನು ಮಾಡೋಣ? ವರ್ಗಕ್ಕೆ ಬರೀಲಾ?"

"ರೀ, ನೀವು ಮಾತಾಡಿದಷ್ಟೂ ಕೆಡುತ್ತೆ. ಒಂದು ವಾರ ಸುಮ್ಮನಿರಿ ಸಾಕು."

ಶಿಕ್ಷೆಗಳಲ್ಲೆಲ್ಲ ಘೋರವಾದದ್ದು.

೧೬ ಆಗಸ್ಟ್, ಶುಕ್ರವಾರ

ಬಾವಿಕಟ್ಟೆಯಿಂದ ಬಂದಳು. ಮುಖ ಕೆಂಪಗಿತ್ತು. ಏನೆಂದು ಕೇಳಿದೆ. ಶಿವರುದ್ರಮ್ಮನವರ ಕೊಡಕ್ಕೆ ಅಡ್ಡ ನಿಂತು, ಎಲ್ಲರೆದುರಿಗೆ ಹೇಳಿದಳಂತೆ: "ದೊಡ್ಡಮ್ಮ, ನಾನು ಮದ್ದು ಹಾಕೋದು ನಿಜ. ಹೆಂಗೆ ಹಾಕ್ತೀನಿ, ಯಾರಿಗೆ ಹಾಕ್ತೀನಿ, ಭಾನುವಾರ ಬೈರಪ್ಪನ ಹೊಲಕ್ಕೆ ಬಂದು ಕಣ್ಣಾರೆ ನೋಡಿ."

"ಬರ್ತಾರೇನೇ?"

"ಊಟಕ್ಕೆ ಕರೆದ್ರೆ ಬರಲ್ಲ. ಇದಕ್ಕೆ ಬರದೆ ಇರ್ತಾರಾ?"

ಸೈಕಾಲಜಿ ಓದಿದವನು ನಾನು.

೧೮ ಆಗಸ್ಟ್, ಭಾನುವಾರ

ಬಂದರು! ಇಡೀ ಬೀದಿ. ತಾಯತ ಕಟ್ಟಿಕೊಂಡು, ಬೇವಿನ ಸೊಪ್ಪು ಹಿಡಿದುಕೊಂಡು, ಬೇವಿನ ಮರದ ಆಚೆಗೆ ಗುಂಪಾಗಿ ನಿಂತರು. ಮುಂದೆ ಶಿವರುದ್ರಮ್ಮನವರು. ಬೈರಪ್ಪನ ಹನುಮಕ್ಕ ಅವರ ಬೆನ್ನ ಹಿಂದೆ, ಒಂದು ಕಣ್ಣಷ್ಟೇ ಕಾಣುವಂತೆ. ನನಗೆ ಮಾತಾಡಲು ನಿಷೇಧ. ದಿಣ್ಣೆಯ ಕಡೆ ಯಾರೂ ಹೋಗದಂತೆ ಕಾವಲು ಮಾತ್ರ.

ಕಮಲ ಸೆರಗು ಸಿಕ್ಕಿಸಿಕೊಂಡಳು. ಡಬ್ಬಿ ಎತ್ತಿ ತೋರಿಸಿದಳು. "ಇದೇ ಮದ್ದು." ನಳಿಗೆಗೆ ಅಳೆದು ಸುರಿದಳು, ಗುಂಡು ಇಳಿಸಿದಳು, ಗಜದ ಕೋಲಿನಲ್ಲಿ ಒತ್ತಿದಳು. ಬಟ್ಟಲಿಗೆ ಒಂದು ಚಿಟಿಕೆ. "ದೊಡ್ಡಮ್ಮ, ಇದೇ ಆ ಚಿಟಿಕೆ." ಹೆಗಲಿಗೆ ಏರಿಸಿದಳು. ನನ್ನ ಎದೆಯಲ್ಲಿ ಆ 'ಏನೂ ಇಲ್ಲ' ಇಷ್ಟು ಉದ್ದವಾಗಿ ಎಂದೂ ನಿಂತಿರಲಿಲ್ಲ. ಸುಖವಂತೂ ಅಲ್ಲ.

ಕಿಡಿ. ಫುಸ್. ಢಂ!

ಹೊಗೆ. ಕಿರುಚಾಟ. ಹನುಮಕ್ಕ ನೆಲದ ಮೇಲೆ. ಹೊಗೆ ಸರಿದಾಗ ಕಮಲ ನಿಂತಿದ್ದಳು. ಮೂಗಿನ ತುದಿ ಕರ್ರಗೆ. ಮಡಕೆಯೂ ನಿಂತಿತ್ತು. ಒಂದು ಚೂರೂ ಮುಕ್ಕಾಗದೆ.

ಶಿವರುದ್ರಮ್ಮನವರು ಕಿವಿಯಿಂದ ಕೈ ತೆಗೆದು ಮಡಕೆಯ ಬಳಿ ನಡೆದರು. ಸುತ್ತಲೂ ನೋಡಿದರು. ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

"ಇಷ್ಟೇನೇ? ಲೇ ಕಮಲಾ, ಇಷ್ಟು ದೂರದ ಮಡಕೆಗೇ ಹತ್ನಿಲ್ವಲ್ಲೇ ನಿನ್ ಮದ್ದು! ಗಂಡಂಗೇನು ಹತ್ತೀತು?"

ಮೊದಲು ನಕ್ಕಿದ್ದು ಹನುಮಕ್ಕ, ಬಿದ್ದಲ್ಲಿಂದಲೇ. ಆಮೇಲೆ ಇಡೀ ಹೊಲ. ಬೈರಪ್ಪ ಹೊಟ್ಟೆ ಹಿಡಿದುಕೊಂಡು, "ಮಡಕೆ ಒಡೀನಿಲ್ಲ, ಊರಿನ ಗುಲ್ಲು ಒಡೀತು ಬುಡಿ ಮೇಷ್ಟ್ರೇ!" ಎಂದ. ಆ ಮಾತು ನನಗೆ ಹೊಳೆಯಬೇಕಿತ್ತು. ಬಾಯಿಗೆ ಬೀಗವಿದ್ದಾಗ ಬೈರಪ್ಪ ಕದ್ದ.

ದಾರಿಯಲ್ಲಿ ಮೆಲ್ಲಗೆ ಕೇಳಿದೆ: "ಗುರಿ ತಪ್ಪಿತೋ, ತಪ್ಪಿಸಿದೆಯೋ?"

"ಒಡೆದಿದ್ರೆ ಹೆದರ್ಕೊಂಡು ಹೋಗೋರು," ಅಂದಳು. ಅದು ಉತ್ತರವೋ ಅಲ್ಲವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ನಾಳೆ ಸೋಮವಾರ. ಕರೆದಿದ್ದಾಳೆ. ನಕ್ಕವರೆಲ್ಲ ಉಣ್ಣುತ್ತಾರೆ ಎಂದೇನಿಲ್ಲ.

೧೯ ಆಗಸ್ಟ್, ಸೋಮವಾರ, ಮಧ್ಯಾಹ್ನ

ಶ್ರಾವಣ ಸೋಮವಾರ, ಸ್ಕೂಲು ಅರ್ಧ ದಿನ. ನನ್ನನ್ನು ಜಗುಲಿಗೆ ಅಟ್ಟಿದ್ದಾರೆ. ಪೇಪರ್ ತಿದ್ದುವ ನೆಪದಲ್ಲಿ ಬರೆಯುತ್ತಿದ್ದೇನೆ.

ಎಲೆ ಹಾಸಿ ಬಹಳ ಹೊತ್ತಾಗಿತ್ತು. ಕಮಲ ಬಾಗಿಲಿಗೆ ಎರಡು ಸಲ ಬಂದು ಹೋದಳು. ಮೂರನೆಯ ಸಲ ಬರಲಿಲ್ಲ. ಬೀದಿಯಲ್ಲಿ ಯಾರೂ ಇಲ್ಲ. ನಾನು ಒಬ್ಬ ಹುಡುಗನಿಗೆ ಸೊನ್ನೆ ಕೊಟ್ಟು, ಅದನ್ನು ಹೊಡೆದುಹಾಕಿ, ಮತ್ತೆ ಕೊಟ್ಟೆ.

ಆಮೇಲೆ ಶಿವರುದ್ರಮ್ಮನವರು. ಕೂರುವ ಮುನ್ನವೇ ಗಟ್ಟಿಯಾಗಿ, ಇಡೀ ಬೀದಿಗೆ ಕೇಳಿಸುವಂತೆ, "ಬಿಸ್ಲಾಗೆ ಬಂದೀನಿ. ಮೊದ್ಲು ಒಂದು ಲೋಟ ಮಜ್ಜಿಗೆ ಕೊಡೇ ತಾಯಿ."

ಕುಡಿದರು. ಒಂದೇ ಗುಟುಕಿಗೆ. ಲೋಟ ಕೆಳಗಿಟ್ಟ ಸದ್ದಿಗೆ ಎದುರು ಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ.

ಈಗ ಒಳಗೆ ಎಲೆ ಸಾಲದು. ಎರಡನೆಯ ಸಲ ಹೋಳಿಗೆ ಕೇಳಿದ ದನಿ ಹನುಮಕ್ಕನದೇ. ಕಮಲ ಏನೋ ಹೇಳಿದಳು. ಎಲ್ಲರೂ ಒಟ್ಟಿಗೆ ನಕ್ಕರು, ಯಾರಿಗೋ ನೆತ್ತಿಗೇರಿ ಕೆಮ್ಮು ಬಂತು. ನನ್ನ ಹೆಸರು ಬಂತು. ಏನು ಹೇಳಿದಳೋ ಕೇಳಿಸಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕೇಳಿಸಿಕೊಂಡು ಬರುತ್ತೇನೆ. ಪೇಪರ್ ಕಾಯಲಿ.